ಎಂಬಿಟಿಐ, ಡಿಸ್ಕ್, ಬಿಗ್ ಫೈವ್: ಯಾವ ಪರ್ಸನಾಲಿಟಿ ಟೆಸ್ಟ್ ಯಾವುದಕ್ಕೆ ಆಗುತ್ತದೆ?

ಎಂಟು ವರ್ಷದ ಹಿಂದಿನ ಮಾತು. ಕನಕಪುರ ರಸ್ತೆಯ ಒಂದು ರೆಸಾರ್ಟಿನಲ್ಲಿ ನಮ್ಮ ಟೀಮ್ ಔಟಿಂಗ್ ಇತ್ತು. ಇಡ್ಲಿ, ವಡೆ, ಕಾಫಿ ಮುಗಿಸಿ ಕೂತಿದ್ದೇ ತಡ, ಟ್ರೇನರ್ ಒಬ್ಬರು ಬಂದು ಎಂಬಿಟಿಐ ಎಂಬ ಸ್ವಭಾವದ ಟೆಸ್ಟಿನ 93 ಪ್ರಶ್ನೆಗಳ ಹಾಳೆ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಐಡಿ ಕಾರ್ಡಿನ ಮೇಲೂ ಅವರವರ ಸ್ವಭಾವದ ಟೈಪ್ ಹೇಳುವ ನಾಲ್ಕು ಇಂಗ್ಲಿಷ್ ಅಕ್ಷರಗಳ ಸ್ಟಿಕರ್ ಬಿತ್ತು. ನನ್ನದು ಐಎಸ್‌ಟಿಜೆ. ಪಕ್ಕದ ಸೀಟಿನ ಗೆಳತಿಯದು ಇಎನ್‌ಎಫ್‌ಪಿ. "ಅದಕ್ಕೇ ಕಣೇ ನೀನು ಎಕ್ಸೆಲ್ ಶೀಟಿಗೆ ಬಣ್ಣ ಹಚ್ತಾ ಕೂರೋದು" ಎಂದು ನಕ್ಕಳು. ನಾನೂ ನಕ್ಕೆ. ಆವತ್ತು ಸಂಜೆವರೆಗೂ ಚೆನ್ನಾಗೇ ಇತ್ತು.

ಮೂರು ತಿಂಗಳಾದ ಮೇಲೆ ಹೊಸ ಕ್ಲೈಂಟ್ ಜೊತೆ ಮಾತಾಡುವ ಕೆಲಸಕ್ಕೆ ನನ್ನ ಹೆಸರು ಬಂತು. ಮ್ಯಾನೇಜರ್ ಒಂದು ಕ್ಷಣ ಯೋಚಿಸಿ, "ನೀವು 'ಐ' ಅಲ್ವಾ, ನಿಮಗೆ ಅದು ಕಷ್ಟ ಆಗುತ್ತೆ" ಎಂದರು. 'ಐ' ಅಂದರೆ ಇಂಟ್ರೋವರ್ಟ್, ಅಂತರ್ಮುಖಿ. ಅದರ ಎದುರಿನದು 'ಇ', ಬಹಿರ್ಮುಖಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ಕೆಲಸ ಹೋಯಿತು. ಎರಡು ವರ್ಷ ಕಳೆದು ಬೇರೆ ಕಂಪನಿ ಸೇರಿದೆ. ಅಲ್ಲೂ ಅದೇ ಟೆಸ್ಟ್ ಬರೆಸಿದರು. ಈ ಸಲ ಇಎಸ್‌ಟಿಜೆ ಬಂತು!

ಆಮೇಲೆ ನಾನೇ ಟೀಮ್ ನೋಡಿಕೊಳ್ಳುವ ಜಾಗಕ್ಕೆ ಬಂದೆ. "ಯಾವ ಟೆಸ್ಟ್ ತರಿಸೋಣ?" ಎಂದು ಎಚ್ಆರ್ ನನ್ನನ್ನೇ ಕೇಳತೊಡಗಿತು. ಪಿಯುಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಹಾಗಾಗಿ ಒಂದೊಂದನ್ನೂ ಕೂತು ನೋಡಿದೆ. ನನ್ನ ಲೆಕ್ಕದಲ್ಲಿ ಟೆಸ್ಟ್ ಒಳ್ಳೆಯದಾ ಕೆಟ್ಟದಾ ಅನ್ನುವುದು ಅರ್ಧ ಪ್ರಶ್ನೆ. ಅದರ ಉತ್ತರ ಹಿಡಿದುಕೊಂಡು ನೀವು ಏನು ತೀರ್ಮಾನ ಮಾಡುತ್ತೀರಿ ಅನ್ನುವುದು ಉಳಿದರ್ಧ.

ಡಬ್ಬಿ ಮತ್ತು ಸ್ಕೇಲು

ಮಾರುಕಟ್ಟೆಯಲ್ಲಿ ಹತ್ತಾರು ಹೆಸರಿನ ಟೆಸ್ಟುಗಳಿವೆ. ಒಳಗೆ ನೋಡಿದರೆ ಎರಡೇ ಜಾತಿ. ಒಂದು ಜಾತಿಯವು ನಿಮ್ಮನ್ನು ಯಾವುದಾದರೂ ಒಂದು ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸುತ್ತವೆ. ಎಂಬಿಟಿಐಯಲ್ಲಿ 16 ಡಬ್ಬಿ, ಎನಿಯಾಗ್ರಾಮ್‌ನಲ್ಲಿ 9, ಡಿಸ್ಕ್‌ನಲ್ಲಿ 4. ಇನ್ನೊಂದು ಜಾತಿಯವು ಸ್ಕೇಲಿಟ್ಟು ಅಳೆಯುತ್ತವೆ. ಈ ಗುಣ ನಿಮ್ಮಲ್ಲಿ ಎಷ್ಟಿದೆ, ಬೇರೆಯವರಿಗಿಂತ ಜಾಸ್ತಿಯಾ ಕಮ್ಮಿಯಾ ಎಂದಷ್ಟೇ ಹೇಳುತ್ತವೆ. ಐದು ಗುಣಗಳನ್ನು ಅಳೆಯುವ ಬಿಗ್ ಫೈವ್ ಈ ಗುಂಪಿನದು.

ಡಬ್ಬಿಯ ತೊಂದರೆ ಏನು ಅಂದರೆ, ಗೆರೆ ಎಲ್ಲಿ ಎಳೆಯಬೇಕು? ಕಾಲೇಜಿನ ಫಸ್ಟ್ ಕ್ಲಾಸ್ ನೆನಪಿಸಿಕೊಳ್ಳಿ. 59 ಬಂದವನು ಸೆಕೆಂಡ್ ಕ್ಲಾಸ್, 61 ಬಂದವನು ಫಸ್ಟ್ ಕ್ಲಾಸ್. ಇವರಿಬ್ಬರಿಗೂ ಇರುವುದು ಎರಡೇ ಅಂಕದ ಅಂತರ. ಆದರೆ ಕ್ಲಾಸ್ ಬೇರೆ. 61 ಮತ್ತು 69 ಬಂದವರಿಗೆ ಎಂಟು ಅಂಕದ ಅಂತರವಿದ್ದರೂ ಕ್ಲಾಸ್ ಒಂದೇ. ಎಂಬಿಟಿಐ ಮಾಡುವುದೂ ಇದನ್ನೇ. ಜನರಲ್ಲಿ ಪಕ್ಕಾ ಅಂತರ್ಮುಖಿಗಳು, ಪಕ್ಕಾ ಬಹಿರ್ಮುಖಿಗಳು ಎಂಬ ಎರಡು ಗುಂಪು ಬೇರೆ ಬೇರೆ ನಿಂತಿಲ್ಲ. ಬಹಳಷ್ಟು ಜನ ನಡುವೆಯೇ ಇರುತ್ತಾರೆ. ಸರಿಯಾಗಿ ಆ ನಡುವೆಯೇ ಗೆರೆ ಎಳೆದರೆ ಆವತ್ತಿನ ನಿದ್ದೆ, ಆವತ್ತಿನ ಮೂಡ್ ಸಾಕು, ನೀವು ಈ ಕಡೆಯಿಂದ ಆ ಕಡೆಗೆ ಜಿಗಿಯಲು. ಐದು ವಾರ ಬಿಟ್ಟು ಮತ್ತೆ ಬರೆಸಿದರೆ ಅರ್ಧದಷ್ಟು ಜನರ ಟೈಪ್ ಬದಲಾಗಬಹುದು ಎಂದು ಡೇವಿಡ್ ಪಿಟೆಂಜರ್ ಎಂಬ ಮನಶ್ಶಾಸ್ತ್ರಜ್ಞರು 1993ರಲ್ಲೇ ಬರೆದಿದ್ದರು. ನನ್ನ 'ಐ' ಎರಡು ವರ್ಷದಲ್ಲಿ 'ಇ' ಆಗಿದ್ದರಲ್ಲಿ ದೊಡ್ಡ ಪವಾಡವೇನೂ ಇಲ್ಲ.

ಅಳಿಯನಿಂದ ಹುಟ್ಟಿದ ಎಂಬಿಟಿಐ

ಈ ಟೆಸ್ಟಿನ ಕಥೆ ನನಗೆ ತುಂಬಾ ಇಷ್ಟ. 1917ರ ಸುಮಾರಿಗೆ ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಎಂಬ ತಾಯಿಗೆ ಮಗಳು ಇಸಬೆಲ್ ಮೆಚ್ಚಿದ ಹುಡುಗನ ಸ್ವಭಾವ ಅರ್ಥವೇ ಆಗಲಿಲ್ಲವಂತೆ. ತಮ್ಮ ಮನೆಯವರ ಥರ ಅವನಿಲ್ಲ. ಯಾಕೆ ಹೀಗೆ ಎಂದು ಜನರ ಸ್ವಭಾವದ ಬಗ್ಗೆ ಓದಲು ಶುರು ಮಾಡಿದರು. ನಮ್ಮಲ್ಲಾಗಿದ್ದರೆ ಅತ್ತೆ ಎರಡು ದಿನ ಗೊಣಗಿ ಸುಮ್ಮನಾಗುತ್ತಿದ್ದರು, ಅಲ್ವಾ? ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಮನಸ್ಸಿನ ಬಗೆಗಳ ಮೇಲೆ ಬರೆದ ಪುಸ್ತಕ ಇಂಗ್ಲಿಷಿಗೆ ಬಂದಾಗ ಆ ತಾಯಿಗೆ ಬೇಕಾಗಿದ್ದು ಸಿಕ್ಕಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಹೆಂಗಸರು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆ, ಕಚೇರಿಗಳಿಗೆ ಹೊರಟರು. ಯಾರಿಗೆ ಯಾವ ಕೆಲಸ ಹೊಂದುತ್ತದೆ ಎಂದು ಹೇಳಲು ಮಗಳು ಇಸಬೆಲ್ ಪ್ರಶ್ನೆಗಳನ್ನು ಬರೆಯತೊಡಗಿದರು. ತಾಯಿ ಮಗಳು ಇಬ್ಬರೂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿತವರಲ್ಲ. 1962ರಲ್ಲಿ ಟೆಸ್ಟ್ ಮೊದಲು ಪ್ರಕಟವಾಯಿತು.

ಇದರ ಒಳ್ಳೆಯತನ ಮೊದಲು ಹೇಳುತ್ತೇನೆ. 16ರಲ್ಲಿ ಒಂದೂ ಕೆಟ್ಟ ಟೈಪ್ ಇಲ್ಲ. ಯಾರಿಗೂ ನೋವಾಗುವುದಿಲ್ಲ. "ಅವನಿಗೆ ನನ್ನ ಮೇಲೆ ಕೋಪ" ಎಂದುಕೊಂಡಿದ್ದವರು "ಓಹೋ, ಅವನಿಗೆ ಮೊದಲು ಯೋಚಿಸಲು ಟೈಮ್ ಬೇಕು" ಎಂದುಕೊಳ್ಳುತ್ತಾರೆ. ನಮ್ಮ ಟೀಮಿನಲ್ಲಿ ಆ ಔಟಿಂಗ್ ಆದಮೇಲೆ ಒಂದು ಬದಲಾವಣೆ ನಿಜವಾಗಿ ಆಯಿತು. ಮೀಟಿಂಗಿನ ಅಜೆಂಡಾ ಹಿಂದಿನ ದಿನವೇ ಕಳಿಸಲು ಶುರು ಮಾಡಿದೆವು. ಇದಕ್ಕೆ ಟೆಸ್ಟೇ ಬೇಕಿತ್ತಾ ಎಂದು ಕೇಳಿದರೆ ಬೇಕಿರಲಿಲ್ಲ. ಆದರೆ ಆಗಿದ್ದು ಅದರಿಂದಲೇ.

ಕೊರತೆ ಬೇರೆ ಕಡೆ ಇದೆ. ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಎಂಬಿಟಿಐಯ ನಾಲ್ಕು ಅಕ್ಷರ ಜೋಡಿಗಳನ್ನು ('ಐ' ಇಲ್ಲವೇ 'ಇ' ಎಂಬಂಥವು) ಬಿಗ್ ಫೈವ್ ಪಕ್ಕ ಇಟ್ಟು ನೋಡಿದರು. ನಾಲ್ಕೂ ಜೋಡಿ ಬಿಗ್ ಫೈವ್‌ನ ನಾಲ್ಕು ಗುಣಗಳಿಗೆ ಹತ್ತಿರ ಹತ್ತಿರ ಕೂಡಿಬಂದವು. ಅಂದರೆ ಎಂಬಿಟಿಐ ಅಳೆಯುವುದು ಪೂರ್ತಿ ಗಾಳಿಯನ್ನಲ್ಲ. ಅಳೆದಿದ್ದನ್ನು ಎರಡು ತುಂಡು ಮಾಡಿ ಉಳಿದ ಮಾಹಿತಿ ಬಿಸಾಡುತ್ತದೆ ಅಷ್ಟೆ. ಐದನೆಯ ಗುಣವಾದ ಕಳವಳ, ಬೇಸರ, ಬೇಗ ಮನಸ್ಸು ಕಲಕುವುದು ಇದರಲ್ಲಿ ಇಲ್ಲವೇ ಇಲ್ಲ. ಟೆಸ್ಟ್ ಎಲ್ಲರಿಗೂ ಹಿತವಾಗಿರುವುದು ಅದಕ್ಕೇ ಇರಬೇಕು. 1991ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಒಂದು ಸಮಿತಿಯು ವೃತ್ತಿ ಸಲಹೆಗೆ ಇದನ್ನು ಬಳಸುವಷ್ಟು ಆಧಾರ ಸಿಕ್ಕಿಲ್ಲ ಎಂದಿತು. ಇನ್ನೂ ಮುಖ್ಯವಾದ ಮಾತು: ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಟೆಸ್ಟ್ ಮಾರುವವರೇ ಹೇಳುತ್ತಾರೆ. ನನ್ನ ಆ ಮ್ಯಾನೇಜರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಇನ್ನೊಂದು ಗೊಂದಲ. ನೆಟ್ಟಿನಲ್ಲಿ ಪುಕ್ಕಟೆ ಸಿಗುವ 16ಪರ್ಸನಾಲಿಟೀಸ್ ಮತ್ತು ಎಂಬಿಟಿಐ ಒಂದೇ ಅಲ್ಲ. ಅದನ್ನು ನಡೆಸುವ ಕಂಪನಿಯೇ ಬೇರೆ. ಅಕ್ಷರಗಳನ್ನು ಎಂಬಿಟಿಐ ಥರ ಇಟ್ಟುಕೊಂಡು ಕೊನೆಗೆ 'ಎ' (ಗಟ್ಟಿ ಮನಸ್ಸು) ಅಥವಾ 'ಟಿ' (ಬೇಗ ಕಲಕುವ ಮನಸ್ಸು) ಸೇರಿಸಿದ್ದಾರೆ. ಈ ಕೊನೆಯ ಅಕ್ಷರ ಬಿಗ್ ಫೈವ್‌ನ ಐದನೆಯ ಗುಣವನ್ನು ಹಿಂಬಾಗಿಲಿಂದ ಒಳಗೆ ತಂದ ಹಾಗೆ. ಚಿತ್ರಗಳು ಚೆನ್ನಾಗಿವೆ, ಬರವಣಿಗೆ ನಯವಾಗಿದೆ. ದಕ್ಷಿಣ ಕೊರಿಯಾದ ಹುಡುಗ ಹುಡುಗಿಯರು ಹೊಸಬರು ಸಿಕ್ಕಾಗ ಕೇಳುವುದು ಈ ನಾಲ್ಕು ಅಕ್ಷರಗಳನ್ನೇ. ನಮ್ಮಲ್ಲೂ ಇನ್‌ಸ್ಟಾಗ್ರಾಂ ಬಯೋದಲ್ಲಿ ರಾಶಿಯ ಪಕ್ಕ ಐಎನ್‌ಎಫ್‌ಜೆ ಕಾಣಿಸುತ್ತಿದೆ. ಪಕ್ಕಪಕ್ಕ ಇಟ್ಟಿದ್ದೇ ಸರಿಯಾಗಿದೆ ಅನ್ನಿಸುತ್ತದೆ ಕೆಲವೊಮ್ಮೆ.

ಡಿಸ್ಕ್: ಮುದ್ದೆ ಜಾಸ್ತಿಯಾ, ಅನ್ನ ಜಾಸ್ತಿಯಾ

ಡಿಸ್ಕ್‌ನ ಮೂಲ ವಿಚಾರ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅವರದು, 1928ರದು. ಆಸಾಮಿ ಸಾಮಾನ್ಯ ಅಲ್ಲ. ಸುಳ್ಳು ಪತ್ತೆ ಮಾಡಲು ರಕ್ತದೊತ್ತಡ ಅಳೆಯುವ ವಿಧಾನ ಅವರದೇ. 1941ರಲ್ಲಿ ಕಾಮಿಕ್ಸ್‌ಗೆ ಬಂದ ವಂಡರ್ ವುಮನ್ ಕೂಡ ಅವರ ಸೃಷ್ಟಿ. ಆದರೆ ಟೆಸ್ಟ್ ಅವರು ಮಾಡಿದ್ದಲ್ಲ, ಬೇರೆಯವರು ಆಮೇಲೆ ಕಟ್ಟಿದ್ದು. ಮುನ್ನುಗ್ಗುವವರು, ಮಾತಲ್ಲಿ ಗೆಲ್ಲುವವರು, ನಿಧಾನವಾಗಿ ಜೊತೆ ನಿಲ್ಲುವವರು, ಎಲ್ಲವನ್ನೂ ಎರಡೆರಡು ಸಲ ನೋಡುವವರು. ಇಷ್ಟೇ ನಾಲ್ಕು. ಸೇಲ್ಸ್ ಟ್ರೇನಿಂಗಿನಲ್ಲಿ ಇದರದೇ ರಾಜ್ಯ. ಕಾರಣವೂ ಇದೆ. 16 ಟೈಪ್ ಯಾರಿಗೆ ನೆನಪಿರುತ್ತದೆ? ನಾಲ್ಕಾದರೆ ಗ್ರಾಹಕರ ಮುಂದೆ ನಿಂತಾಗಲೂ ನೆನಪಾಗುತ್ತದೆ. ಅರ್ಧ ದಿನದ ವರ್ಕ್‌ಶಾಪಿಗೆ ಎಂಬಿಟಿಐಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಇದರಲ್ಲಿ ಒಂದು ಗುಟ್ಟಿದೆ. ಬಹಳಷ್ಟು ಡಿಸ್ಕ್ ಹಾಳೆಗಳಲ್ಲಿ ನಾಲ್ಕು ಪದ ಕೊಟ್ಟು, ನಿಮಗೆ ಹೆಚ್ಚು ಹೊಂದುವುದು ಯಾವುದು, ಕಮ್ಮಿ ಹೊಂದುವುದು ಯಾವುದು ಎಂದು ಕೇಳುತ್ತಾರೆ. ಇದರಿಂದ ಬರುವ ಅಂಕ ನಿಮ್ಮೊಳಗಿನ ಹೋಲಿಕೆ ಮಾತ್ರ. ನೀವು ಅನ್ನಕ್ಕಿಂತ ಮುದ್ದೆ ಜಾಸ್ತಿ ತಿನ್ನುತ್ತೀರಿ ಎಂದು ಗೊತ್ತಾಯಿತು ಅನ್ನಿ. ಪಕ್ಕದ ಮನೆಯವರಿಗಿಂತ ಜಾಸ್ತಿ ಮುದ್ದೆ ತಿನ್ನುತ್ತೀರಿ ಎಂದು ಅದರಿಂದ ಹೇಳಲು ಬರುತ್ತದಾ? ಬರುವುದಿಲ್ಲ. ಅವರಿಗೆ ಹಸಿವೇ ಜಾಸ್ತಿ ಇರಬಹುದು. ಹಾಗೆಯೇ ಇಬ್ಬರು ಅಭ್ಯರ್ಥಿಗಳ ಡಿಸ್ಕ್ ಚಾರ್ಟ್ ಪಕ್ಕಪಕ್ಕ ಇಟ್ಟು "ಇವರಲ್ಲಿ ಮುನ್ನುಗ್ಗುವ ಗುಣ ಜಾಸ್ತಿ" ಎನ್ನುವುದು ತಪ್ಪು ಲೆಕ್ಕ. ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ.

ಎನಿಯಾಗ್ರಾಮ್ ಬಗ್ಗೆ ಎರಡೇ ಮಾತು. ಈಗಿನ ರೂಪ ಬಂದಿದ್ದು ಆಸ್ಕರ್ ಇಚಾಜೋ ಮತ್ತು ಕ್ಲಾಡಿಯೋ ನರಾಂಹೋ ಅವರಿಂದ. ಬೇರು ಅಧ್ಯಾತ್ಮದ ಕಡೆ ಇದೆ, ಪ್ರಯೋಗಶಾಲೆಯ ಕಡೆ ಅಲ್ಲ. ನನಗೆ ಯಾವುದರ ಭಯ ಎಂದು ಒಬ್ಬರೇ ಕೂತು ಯೋಚಿಸಲು ಚೆನ್ನಾಗಿದೆ. ಆಫೀಸಿಗೆ ತರಬೇಡಿ. ಸಹೋದ್ಯೋಗಿಯ ಒಳಗಿನ ಭಯವನ್ನು ಮೀಟಿಂಗ್ ರೂಮಿನಲ್ಲಿ ಬಿಚ್ಚಿಸುವ ಹಕ್ಕು ಯಾರಿಗೂ ಇಲ್ಲ.

ಬಿಗ್ ಫೈವ್: ನೀರಸ, ಆದರೆ ನೆಚ್ಚಬಹುದು

1936ರಲ್ಲಿ ಗೋರ್ಡನ್ ಆಲ್ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಒಂದು ದಪ್ಪ ಇಂಗ್ಲಿಷ್ ನಿಘಂಟು ಹಿಡಿದು ಕೂತರು. ಮನುಷ್ಯನ ಸ್ವಭಾವ ಹೇಳುವ ಪದಗಳನ್ನೆಲ್ಲ ಹೆಕ್ಕಿದರು. ಸಿಕ್ಕಿದ್ದು 17,953. ಅವರ ಯೋಚನೆ ಸರಳ. ಜನರಿಗೆ ಯಾವ ಗುಣ ಮುಖ್ಯವೋ ಅದಕ್ಕೆ ಭಾಷೆಯಲ್ಲಿ ಪದ ಇದ್ದೇ ಇರುತ್ತದೆ. ನಮ್ಮಲ್ಲೂ ನೋಡಿ: ಜಿಪುಣ, ಪುಕ್ಕಲ, ಹಠಮಾರಿ, ಬಾಯಿಬಡುಕಿ, ಮೌನಗೌರಿ, ಮುಂಗೋಪಿ, ಅಡ್ಡಕಸುಬಿ, ಸೋಮಾರಿ. ಬೈಯಲು ಎಷ್ಟು ಪದ ಇವೆ ನೋಡಿ! ಮುಂದಿನ ಐವತ್ತು ಅರವತ್ತು ವರ್ಷ ಬೇರೆ ಬೇರೆ ಜನ ಇಂಥ ಪದಗಳನ್ನು ಗುಂಪು ಮಾಡುತ್ತಾ ಹೋದರು. ಯಾವ ಪದ ಯಾವುದರ ಜೊತೆ ಬರುತ್ತದೆ ಎಂದು ಲೆಕ್ಕ ಹಾಕಿದಾಗ ಮತ್ತೆ ಮತ್ತೆ ಐದು ಗುಂಪೇ ಕಂಡವು.

ಆ ಐದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಹೊಸದರ ಮೇಲಿನ ಕುತೂಹಲ, ಹಿಡಿದ ಕೆಲಸ ಬಿಡದೆ ಅಚ್ಚುಕಟ್ಟಾಗಿ ಮುಗಿಸುವ ಗುಣ, ಜನರ ಜೊತೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಮನಸ್ಸು ಬೇಗ ಕಲಕುವ ಗುಣ. ಕೋಸ್ಟಾ ಮತ್ತು ಮೆಕ್ರೇ 1992ರಲ್ಲಿ ತಂದ ಪೂರ್ತಿ ಟೆಸ್ಟಿನಲ್ಲಿ 240 ಪ್ರಶ್ನೆ, ಅದಕ್ಕೆ ದುಡ್ಡು ಕೊಡಬೇಕು. ಅದಕ್ಕೆ ಹತ್ತಿರವಾದ ಐಪಿಐಪಿ ನಿಯೋ ಎಂಬುದು ಪುಕ್ಕಟೆ, 300 ಪ್ರಶ್ನೆ. ಚಿಕ್ಕದು ಬೇಕಾದರೆ 120 ಪ್ರಶ್ನೆಯದೂ ಇದೆ. ನಾನು ಈ ಚಿಕ್ಕದನ್ನೇ ಹೇಳುತ್ತೇನೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಕೆಲಸಕ್ಕೆ ಇದು ಎಷ್ಟು ಉಪಯೋಗ? ಮರ್ರೆ ಬ್ಯಾರಿಕ್ ಮತ್ತು ಮೈಕಲ್ ಮೌಂಟ್ 1991ರಲ್ಲಿ ಹಳೆಯ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಎಲ್ಲಾ ಬಗೆಯ ಕೆಲಸದಲ್ಲೂ ಉಪಯೋಗಕ್ಕೆ ಬಂದ ಗುಣ ಒಂದೇ. ಮೇಲಿನ ಪಟ್ಟಿಯ ಎರಡನೆಯದು, ಅಚ್ಚುಕಟ್ಟುತನ. ಸೇಲ್ಸ್ ಮತ್ತು ಮ್ಯಾನೇಜರ್ ಕೆಲಸಕ್ಕೆ ಜನರ ಜೊತೆ ಬೆರೆಯುವುದೂ ಸ್ವಲ್ಪ ನೆರವಾಯಿತು. ಆದರೆ ಅಚ್ಚುಕಟ್ಟುತನಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ನಂಟು ಸುಮಾರು 0.2 (ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1). ಲೆಕ್ಕ ಬಿಡಿಸಿದರೆ, ಒಬ್ಬರಿಗೂ ಇನ್ನೊಬ್ಬರಿಗೂ ಕೆಲಸದಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಇದು ವಿವರಿಸುತ್ತದೆ. ಉಳಿದ ತೊಂಬತ್ತೈದು ಪಾಲು ಎಲ್ಲಿಂದ ಬರುತ್ತದೆ? ಅನುಭವ, ಬುದ್ಧಿ, ಒಳ್ಳೆಯ ಬಾಸ್, ಮನೆಯ ತಾಪತ್ರಯ, ಔಟರ್ ರಿಂಗ್ ರೋಡಿನ ಟ್ರಾಫಿಕ್. ಇರುವುದರಲ್ಲಿ ಒಳ್ಳೆಯದು ಎಂದುಕೊಳ್ಳುವ ಟೆಸ್ಟಿನ ತಾಕತ್ತೇ ಇಷ್ಟು.

ತೊಂದರೆಗಳೂ ಇವೆ. ಇದು ಮುಖಸ್ತುತಿ ಮಾಡುವುದಿಲ್ಲ. "ನಿಮಗೆ ಹೊಂದಾಣಿಕೆ ಕಮ್ಮಿ" ಎಂದು ನೇರವಾಗಿ ಹೇಳಿದರೆ ಯಾರಿಗೆ ಇಷ್ಟವಾಗುತ್ತದೆ? ಬಯೋದಲ್ಲಿ ಹಾಕಲು ನಾಲ್ಕು ಚೆಂದದ ಅಕ್ಷರಗಳಿಲ್ಲ. ಇಂಟರ್ವ್ಯೂಗೆ ಕೊಟ್ಟರೆ ಎಲ್ಲರೂ ಶಿಸ್ತಿನ ಸಿಪಾಯಿಗಳಾಗುತ್ತಾರೆ, "ನಾನು ಕೆಲಸ ಮುಂದೂಡುತ್ತೇನೆ" ಎಂದು ಯಾರು ಟಿಕ್ ಹಾಕುತ್ತಾರೆ ಹೇಳಿ. ಮೈಕಲ್ ಆಷ್ಟನ್ ಮತ್ತು ಕಿಬಿಯೋಮ್ ಲೀ ಇದಕ್ಕೆ ಆರನೆಯದಾಗಿ ಪ್ರಾಮಾಣಿಕತೆ ಮತ್ತು ವಿನಯವನ್ನು ಸೇರಿಸಿ ಹೆಕ್ಸಾಕೋ ಎಂಬುದನ್ನು ಮಾಡಿದ್ದಾರೆ. ದುಡ್ಡಿನ ವ್ಯವಹಾರ ಇರುವ ಕಡೆ ಆ ಆರನೆಯದು ಬಹಳ ಮುಖ್ಯ. ಅದನ್ನೂ ಅವರ ಬಾಯಿಂದಲೇ ಕೇಳಬೇಕು ಅನ್ನುವುದೇ ತಮಾಷೆ.

ಇಂಗ್ಲಿಷಿನಲ್ಲಿ ಮೌನಿ, ಕನ್ನಡದಲ್ಲಿ ಮಾತುಗಾರ

ಯಾವ ಟೆಸ್ಟ್ ಆರಿಸಿಕೊಂಡರೂ ನಮ್ಮ ಕಡೆ ಒಂದು ವಿಷಯ ಗಮನಿಸಲೇಬೇಕು. ನನ್ನ ಟೀಮಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ಇದ್ದ. ಮೀಟಿಂಗಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲರೂ ಅವನನ್ನು ಪಕ್ಕಾ ಇಂಟ್ರೋವರ್ಟ್ ಎಂದೇ ತೀರ್ಮಾನಿಸಿದ್ದರು. ಟೆಸ್ಟಿನಲ್ಲೂ ಹಾಗೇ ಬಂತು. ಅವನ ಅಕ್ಕನ ಮದುವೆಗೆ ಊರಿಗೆ ಹೋದಾಗ ನೋಡಬೇಕಿತ್ತು. ಬೀಗರನ್ನು ಮಾತಾಡಿಸುವುದು, ಬಡಿಸುವವರಿಗೆ ಕೂಗಿ ಹೇಳುವುದು, ಪಂಕ್ತಿಯಲ್ಲಿ ಕೂತ ಒಬ್ಬೊಬ್ಬ ಅಜ್ಜನನ್ನೂ "ಏನ್ ಮಾವ, ಸಾರು ಸಾಕಾ?" ಎಂದು ವಿಚಾರಿಸುವುದು. ಛತ್ರದ ತುಂಬ ಅವನದೇ ದನಿ.

ಅವನು ಇಂಟ್ರೋವರ್ಟ್ ಅಲ್ಲ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮೀಟಿಂಗ್ ಮುಂದಕ್ಕೆ ಹೋಗಿರುತ್ತಿತ್ತು, ಅಷ್ಟೆ. ಟೆಸ್ಟಿನ ಪ್ರಶ್ನೆಗಳೂ ಹಾಗೇ ಇರುತ್ತವೆ. "ಪಾರ್ಟಿಯಲ್ಲಿ ಅಪರಿಚಿತರ ಜೊತೆ ಮಾತಾಡುತ್ತೀರಾ?" ಎಂದು ಕೇಳುತ್ತದೆ. ಯಾವ ಪಾರ್ಟಿ? ಆಫೀಸಿನವರು ಗ್ಲಾಸು ಹಿಡಿದು ನಿಲ್ಲುವ ಪಾರ್ಟಿಯಾ, ಸೀಮಂತವಾ, ಊರ ಜಾತ್ರೆಯಾ? ಹೆಣ್ಣುಮಕ್ಕಳಿಗಂತೂ ಉತ್ತರ ಇನ್ನೂ ಕಷ್ಟ. ಅಪರಿಚಿತರ ಜೊತೆ ಮಾತಾಡಬೇಡ ಎಂದು ಹೇಳಿ ಬೆಳೆಸಿದವರನ್ನು ನಿಮಗೆ ಅದು ಇಷ್ಟವಾ ಎಂದು ಕೇಳಿದರೆ ಬರುವ ಉತ್ತರದಲ್ಲಿ ಸ್ವಭಾವ ಎಷ್ಟು, ಬೆಳೆಸಿದ ರೀತಿ ಎಷ್ಟು?

ಹಾಗಾಗಿ ಟೆಸ್ಟ್ ಕೊಡುವ ಮೊದಲು ನಾನು ಈಗ ಒಂದು ಮಾತು ಹೇಳುತ್ತೇನೆ. ಆಫೀಸಿನ ಬಗ್ಗೆ ತಿಳಿಯಲು ಬರೆಯುವುದಾದರೆ ಎಲ್ಲಾ ಉತ್ತರವನ್ನೂ ಆಫೀಸನ್ನೇ ನೆನೆದು ಬರೆಯಿರಿ. ಮನೆ, ಆಫೀಸು ಎರಡನ್ನೂ ಕಲಸಿದರೆ ಬರುವ ಅಂಕ ಎರಡೂ ಕಡೆ ನಿಜವಲ್ಲ.

"ಅಯ್ಯೋ, ಇದು ನಾನೇ!"

ಕೆಳಗಿನ ನಾಲ್ಕು ಸಾಲು ಓದಿ. ಇವನ್ನು ನಿಮಗಾಗಿಯೇ ಬರೆದಿದ್ದೇನೆ.

"ನೀವು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಮೃದು. ಮನೆಯವರಿಗಾಗಿ ಮಾಡಿದ್ದು ಬಹಳ, ಅದನ್ನು ಗುರುತಿಸಿದವರು ಕಮ್ಮಿ. ಬೇಗ ನಂಬಿ ಒಂದೆರಡು ಸಲ ಪೆಟ್ಟು ತಿಂದಿದ್ದೀರಿ. ನಿಮ್ಮಲ್ಲಿ ಇನ್ನೂ ಹೊರಗೆ ಬರದ ಒಂದು ಶಕ್ತಿ ಇದೆ."

ಹೌದು ಅನ್ನಿಸಿತಾ? ಎಲ್ಲರಿಗೂ ಅನ್ನಿಸುತ್ತದೆ. ಬರ್ಟ್ರಂ ಫೋರರ್ ಎಂಬ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ "ಇದು ನಿನ್ನ ಫಲಿತಾಂಶ" ಎಂದು ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. ಎಷ್ಟು ಸರಿಯಾಗಿದೆ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದರು. ಸರಾಸರಿ 4.26 ಬಂತು. ಎಲ್ಲರ ಚೀಟಿಯಲ್ಲಿದ್ದದ್ದೂ ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಪುಸ್ತಕದಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದರು. ಇದು ಪ್ರಕಟವಾಗಿದ್ದು 1949ರಲ್ಲಿ. ಹಾಗಾಗಿ "ನನಗೆ ನೂರಕ್ಕೆ ನೂರು ಹೊಂದಿತು" ಅನ್ನುವುದು ಟೆಸ್ಟ್ ಸರಿಯಾಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ನಿಮ್ಮ ಟೈಪಿನ ವಿವರಣೆ ಸಿಕ್ಕಾಗ ಇನ್ನೆರಡು ಟೈಪುಗಳ ವಿವರಣೆಯನ್ನೂ ಓದಿ ನೋಡಿ. ಅವೂ ಹೊಂದಿದರೆ ಅರ್ಥವಾಯಿತಲ್ಲ.

ಹಾಗಾದರೆ ಯಾವುದಕ್ಕೆ ಯಾವುದು?

ಕೆಲಸಕ್ಕೆ ಜನರನ್ನು ತೆಗೆದುಕೊಳ್ಳಲು: ಎಂಬಿಟಿಐ, ಡಿಸ್ಕ್, ಎನಿಯಾಗ್ರಾಮ್ ಮೂರೂ ಬೇಡ. ಬಿಗ್ ಫೈವ್ ಬೇಕೇ ಬೇಕು ಎಂದರೆ ಕೊನೆಯ ಸುತ್ತಿನಲ್ಲಿ, ಬೇರೆ ಎಲ್ಲದರ ಜೊತೆಗೆ ಇಡಿ. ಮೊದಲ ಜರಡಿಯಾಗಿ ಬೇಡ. ಅದಕ್ಕಿಂತ ಕೆಲಸದ ಒಂದು ತುಣುಕನ್ನೇ ಕೊಟ್ಟು ಮಾಡಿಸಿ. ಎಲ್ಲಾ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಅಂಕದ ಪಟ್ಟಿ ಇಟ್ಟುಕೊಂಡು ಇಂಟರ್ವ್ಯೂ ಮಾಡಿ. ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಆಯ್ಕೆಯ ವಿಧಾನಗಳನ್ನೆಲ್ಲ ಮತ್ತೆ ತೂಗಿ ನೋಡಿದಾಗ ಎಲ್ಲಕ್ಕಿಂತ ಮೇಲೆ ಬಂದಿದ್ದು ಈ ಬಗೆಯ ಇಂಟರ್ವ್ಯೂ. ಖರ್ಚೂ ಕಮ್ಮಿ.

ಸ್ವಭಾವ ನೋಡಲೇಬೇಕಾದ ಕಡೆ ಹೇಗೆ ನೋಡುತ್ತಾರೆ ಎಂದು ತಿಳಿಯಬೇಕಾದರೆ ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಗಮನಿಸಿ. ಬೆಂಗಳೂರಿನಲ್ಲೂ ಒಂದು ಸೆಲೆಕ್ಷನ್ ಸೆಂಟರ್ ಇದೆ. ಐದು ದಿನದ ಆಯ್ಕೆ. ಒಂದು ಪದ ತೋರಿಸುತ್ತಾರೆ, 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಅಂಥ 60 ಪದ. ಚಿತ್ರ ನೋಡಿ ಕಥೆ ಬರೆಯಬೇಕು. ಕೊನೆಗೆ ಒಂದು ಖಾಲಿ ಚಿತ್ರ. ಅದಕ್ಕೂ ಕಥೆ ಬೇಕು. ಇಷ್ಟೆಲ್ಲ ಆದರೂ ಮನಶ್ಶಾಸ್ತ್ರಜ್ಞರ ಮಾತೇ ಕೊನೆಯಲ್ಲ. ಇಂಟರ್ವ್ಯೂ ಮಾಡಿದವರು, ಬಯಲಿನಲ್ಲಿ ಗುಂಪಿನ ಕೆಲಸ ನೋಡಿದವರು ಮತ್ತು ಇವರು ಎಲ್ಲರೂ ಕೂತು ಹೋಲಿಸುತ್ತಾರೆ. ನಾವು ಇಪ್ಪತ್ತು ನಿಮಿಷದ ಆನ್‌ಲೈನ್ ಹಾಳೆಯಲ್ಲಿ ಜನರ ಜಾತಕ ಬರೆಯುತ್ತೇವೆ.

ಟೀಮಿಗೆ: ಡಿಸ್ಕ್ ಅಥವಾ ಎಂಬಿಟಿಐ ಆಗಬಹುದು, ಮಜಾ ಇರುತ್ತದೆ. ಷರತ್ತು ಎರಡು. ಫಲಿತಾಂಶ ಬರೆದವರ ಕೈಗೆ ಮಾತ್ರ ಸೇರಬೇಕು, ಹೇಳುವುದು ಬಿಡುವುದು ಅವರಿಷ್ಟ. ಅಪ್ರೈಸಲ್ ಫೈಲಿಗೆ ಹೋಗಕೂಡದು. ಐಡಿ ಕಾರ್ಡಿಗೆ ಸ್ಟಿಕರ್ ಅಂತೂ ಬೇಡವೇ ಬೇಡ. ದುಡ್ಡು ಇಲ್ಲವಾ? ಒಂದು ಹಾಳೆಯಲ್ಲಿ "ನನ್ನ ಜೊತೆ ಕೆಲಸ ಮಾಡುವಾಗ ಗೊತ್ತಿರಬೇಕಾದದ್ದು" ಎಂದು ಪ್ರತಿಯೊಬ್ಬರೂ ಐದು ಸಾಲು ಬರೆಯಲಿ. ನಮ್ಮ ಟೀಮಿನ ಒಬ್ಬರು "ಮಗುವನ್ನು ಸ್ಕೂಲಿಗೆ ಬಿಡೋ ಹೊತ್ತು, 9ಕ್ಕೆ ಮುಂಚೆ ಫೋನ್ ಮಾಡಬೇಡಿ" ಎಂದು ಬರೆದರು. ಯಾವ ಟೈಪಿನಲ್ಲೂ ಇದು ಸಿಗುತ್ತಿರಲಿಲ್ಲ.

ಪಿಯುಸಿ ಆದ ಮಕ್ಕಳಿಗೆ: ಸ್ವಭಾವದ ಟೆಸ್ಟಿಗಿಂತ ಆಸಕ್ತಿಯ ಟೆಸ್ಟ್ ವಾಸಿ. ಜಾನ್ ಹಾಲೆಂಡ್ 1959ರಿಂದ ಕಟ್ಟುತ್ತಾ ಬಂದ ಆರು ಗುಂಪಿನ ಪದ್ಧತಿ ಒಂದಿದೆ. ಕೈಕೆಲಸ, ಹುಡುಕಾಟ, ಕಲೆ, ಜನಸೇವೆ, ವ್ಯಾಪಾರ, ಲೆಕ್ಕಪತ್ರ. ಅಮೆರಿಕದ ಕಾರ್ಮಿಕ ಇಲಾಖೆಯ ಓನೆಟ್ ತಾಣದಲ್ಲಿ ಇದರ 60 ಪ್ರಶ್ನೆಯ ಹಾಳೆ ಪುಕ್ಕಟೆ ಇದೆ. ಅದು ತೋರಿಸುವ ಕೆಲಸಗಳ ಪಟ್ಟಿ ಅಲ್ಲಿಯದು. ಪಟ್ಟಿ ಬಿಟ್ಟು ಆರು ಗುಂಪನ್ನಷ್ಟೇ ಇಟ್ಟುಕೊಂಡು ಮಾತಾಡಿ. ಸಾವಿರಗಟ್ಟಲೆ ಕೊಟ್ಟು ಬೆರಳಚ್ಚು ನೋಡಿ ಕೋರ್ಸ್ ಹೇಳುವವರ ಹತ್ತಿರ ಹೋಗಬೇಡಿ. ಬೆರಳ ಗೆರೆಗೂ ಎಂಜಿನಿಯರಿಂಗಿಗೂ ನಂಟಿಲ್ಲ.

ಮದುವೆಗೆ: ಸಾಲಾವಳಿ ನೋಡಿ ದೇವಗಣ, ರಾಕ್ಷಸಗಣ ಎಂದು ಹೇಳುವುದನ್ನು ನಗುವ ಹುಡುಗರೇ "ಅವಳು ಐಎನ್‌ಎಫ್‌ಪಿ, ನನಗೆ ಆಗಲ್ಲ" ಎನ್ನುತ್ತಾರೆ. ಅದೂ ಡಬ್ಬಿ, ಇದೂ ಡಬ್ಬಿ. ಇಬ್ಬರೂ ಬರೆದು ಉತ್ತರಗಳನ್ನು ಇಟ್ಟುಕೊಂಡು ಒಂದು ಸಂಜೆ ಮಾತಾಡಿದರೆ ಲಾಭ ಇದೆ. ತಿಂಗಳ ಸಂಬಳ ಹೇಗೆ ಖರ್ಚು ಮಾಡುತ್ತೀರಿ, ಅಪ್ಪ ಅಮ್ಮ ಎಲ್ಲಿರುತ್ತಾರೆ ಎಂದು ಕೇಳುವುದು ಇನ್ನೂ ಮೇಲು.

ಎಲ್ಲಿ ಬರೆಯುತ್ತೀರಿ ಅನ್ನುವುದೂ ನೋಡಿಕೊಳ್ಳಿ. ಫೇಸ್‌ಬುಕ್ಕಿನ ಒಂದು ಪರ್ಸನಾಲಿಟಿ ಟೆಸ್ಟ್ ಆಪ್ ಮೂಲಕ ಸುಮಾರು 8.7 ಕೋಟಿ ಜನರ ಮಾಹಿತಿ ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಾಲಿಟಿಕಾ ಎಂಬ ಕಂಪನಿಯ ಕೈಗೆ ಹೋಗಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಟೆಸ್ಟ್ ಬರೆದವರು ಮೂರು ಲಕ್ಷದ ಆಸುಪಾಸು. ಉಳಿದವರೆಲ್ಲ ಅವರ ಫ್ರೆಂಡ್ಸ್. ಫೋನ್ ನಂಬರ್, ಕಾಂಟ್ಯಾಕ್ಟ್ಸ್ ಕೇಳುವ ಟೆಸ್ಟ್ ಕಂಡರೆ ಅಲ್ಲೇ ಮುಚ್ಚಿ.

ಇನ್ನು ಸುಮ್ನೆ ನಿಮ್ಮ ಬಗ್ಗೆ ನೀವೇ ತಿಳಿಯಬೇಕು ಅನ್ನುವವರಿಗೆ ನನ್ನ ಆಯ್ಕೆ 120 ಪ್ರಶ್ನೆಯ ಬಿಗ್ ಫೈವ್, ಆದರೆ ಎರಡು ಪ್ರತಿ. ಒಂದನ್ನು ನೀವು ತುಂಬಿ. ಇನ್ನೊಂದನ್ನು ನಿಮ್ಮನ್ನು ಚೆನ್ನಾಗಿ ಬಲ್ಲವರಿಗೆ ಕೊಟ್ಟು ನಿಮ್ಮ ಬಗ್ಗೆ ತುಂಬಲು ಹೇಳಿ. ನಾವು ನಮಗೆ ಕೊಟ್ಟುಕೊಳ್ಳುವ ಅಂಕಕ್ಕಿಂತ ಬೇರೆಯವರು ನಮಗೆ ಕೊಡುವ ಅಂಕ ನಮ್ಮ ಕೆಲಸದ ಬಗ್ಗೆ ಜಾಸ್ತಿ ಹೇಳುತ್ತದೆ ಎಂದು 2010, 2011ರ ದೊಡ್ಡ ವಿಶ್ಲೇಷಣೆಗಳಲ್ಲಿ ಕಂಡುಬಂದಿದೆ. ಎರಡು ಹಾಳೆ ಎಲ್ಲಿ ಬೇರೆ ಬೇರೆ ಹೇಳುತ್ತವೋ ಅಲ್ಲಿ ನಿಜವಾದ ವಿಷಯ ಇರುತ್ತದೆ.

ನನ್ನ ಎರಡನೇ ಪ್ರತಿ ತುಂಬಿದ್ದು ತಂಗಿ. "ವಸ್ತುಗಳನ್ನು ಅದರದರ ಜಾಗದಲ್ಲೇ ಇಡುತ್ತಾರೆ" ಎಂಬ ಸಾಲಿಗೆ ನಾನು ಐದಕ್ಕೆ ಐದು ಕೊಟ್ಟುಕೊಂಡಿದ್ದೆ. ಅವಳು ಎರಡು ಕೊಟ್ಟಿದ್ದಳು. ಯಾಕೆ ಎಂದು ಕೇಳಿದೆ. "ಅಕ್ಕಾ, ಕನ್ನಡಕ ಎಲ್ಲಿ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳಿದೀಯ. ಈಗಲೂ ತಲೆ ಮೇಲೇ ಇದೆ."